ಆರೋಗ್ಯ ಸಿಬ್ಬಂದಿಯಲ್ಲಿ ಮಾರ್ಗದರ್ಶಕ ಸಂಬಂಧ: ಹೆರಿಗೆ ಕೊಠಡಿಯ ಅನುಭವಗಳು

ಪೀಠಿಕೆ

ಪ್ರಾಥಮಿಕ ಆರೋಗ್ಯ ಕೇಂದ್ರದ ಹೆರಿಗೆ ಕೊಠಡಿಯಲ್ಲಿ ರಾತ್ರಿ ಪಾಳಿಗೆ ಅನೇಕ ಕಡೆ ಒಬ್ಬರೇ ಶುಶ್ರೂಷಕಿ ಇರುತ್ತಾರೆ. ವೈದ್ಯಾಧಿಕಾರಿಗಳು ಕರೆದೊಡನೆ ಬರುವಷ್ಟು ಹತ್ತಿರದಲ್ಲಿರಬಹುದು, ಇಲ್ಲದೆಯೂ ಇರಬಹುದು. ಹೆರಿಗೆಯ ನಂತರ ಗರ್ಭಕೋಶವು ಬಿಗಿಯಾಗಿ ಸಂಕುಚಿತಗೊಳ್ಳದಿದ್ದಲ್ಲಿ ತಾಯಿಗೆ ತೀವ್ರ ರಕ್ತಸ್ರಾವವಾಗುತ್ತದೆ. ಚಿಕಿತ್ಸೆ ದೊರೆಯದೆ ಹೋದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಅಪಾಯ ಒದಗುತ್ತದೆ. ಹುಟ್ಟಿದ ಕೂಸು ತಾನಾಗಿ ಉಸಿರಾಡದಿದ್ದಲ್ಲಿ ದೊರೆಯುವ ಕಾಲಾವಕಾಶ ಇನ್ನೂ ಕಡಿಮೆ. ಜನನದ ಮೊದಲ ಒಂದು ನಿಮಿಷದೊಳಗೆ ಆಂಬು ಬ್ಯಾಗ್ ಮತ್ತು ಮಾಸ್ಕ್ ಮೂಲಕ ಗಾಳಿ ನೀಡಲು ಆರಂಭಿಸಬೇಕಾಗುತ್ತದೆ.

ಆ ಶುಶ್ರೂಷಕಿಯು ಇದೆಲ್ಲವನ್ನೂ ತರಗತಿಯಲ್ಲಿ ಕೇಳಿ, ಪರೀಕ್ಷೆಯಲ್ಲಿ ಬರೆದು ತೇರ್ಗಡೆಯಾಗಿ ಬಂದವರೇ ಆಗಿರುತ್ತಾರೆ. ಸೇವೆಗೆ ಸೇರಿದ ಮೇಲೆ ಜಿಲ್ಲಾ ಕೇಂದ್ರದಲ್ಲಿ ತರಬೇತಿಯನ್ನೂ ಪಡೆದಿರಬಹುದು. ಆದರೂ ನಡುರಾತ್ರಿಯಲ್ಲಿ ಕೂಸು ಅಳದೆ ಇದ್ದಾಗ ಅವರ ನೆರವಿಗೆ ಬರುವುದು ಪುಸ್ತಕದ ಪುಟಕ್ಕಿಂತ ಹೆಚ್ಚಾಗಿ ಹಿಂದೊಮ್ಮೆ ಪಕ್ಕದಲ್ಲಿ ನಿಂತು, ಮಾಡಿ ತೋರಿಸಿ, ಬಳಿಕ ಅವರ ಕೈಯಿಂದಲೇ ಮಾಡಿಸಿದವರ ಮಾತು. ಹೀಗೆ ಪಕ್ಕದಲ್ಲಿ ನಿಲ್ಲುವವರನ್ನು ಮಾರ್ಗದರ್ಶಕರು ಅಥವಾ ರೂಢಿಯ ಮಾತಿನಲ್ಲಿ ಮೆಂಟರ್ ಎಂದು ಕರೆಯಲಾಗುತ್ತದೆ. ಈ ಸಂಬಂಧವೆಂದರೇನು, ಅದು ಎಲ್ಲಿ ಫಲ ನೀಡಿದೆ, ಎಲ್ಲಿ ನೀಡಿಲ್ಲ ಎಂಬ ಬಗ್ಗೆ ಸಾರ್ವಜನಿಕರಿಗೂ ಆರೋಗ್ಯ ಸಿಬ್ಬಂದಿಗೂ ಉಪಯುಕ್ತವಾಗಬಹುದಾದ ಮಾಹಿತಿಯನ್ನು ಇಲ್ಲಿ ಒದಗಿಸಲಾಗಿದೆ. ಲೇಖಕರು ವಾಣಿಜ್ಯ ವಿಷಯದ ಪದವೀಧರರೇ ಹೊರತು ವೈದ್ಯರಲ್ಲವಾದ್ದರಿಂದ, ಚಿಕಿತ್ಸೆಗೆ ಸಂಬಂಧಿಸಿದ ವಿವರಗಳನ್ನು ತಿಳುವಳಿಕೆಗೆ ಮಾತ್ರ ಪರಿಗಣಿಸತಕ್ಕದ್ದು.

ತರಬೇತಿ, ತಪಾಸಣೆ ಮತ್ತು ಮಾರ್ಗದರ್ಶನ

ಮೆಂಟರ್ ಎಂಬುದು ಗ್ರೀಕ್ ಕವಿ ಹೋಮರನ ಒಡಿಸ್ಸಿ ಕಾವ್ಯದಲ್ಲಿ ಬರುವ ಒಬ್ಬ ಹಿರಿಯನ ಹೆಸರು. ಯುದ್ಧಕ್ಕೆ ಹೊರಟ ಅರಸನು ತನ್ನ ಮನೆಮಾರನ್ನು ನೋಡಿಕೊಳ್ಳುವ ಹೊಣೆಯನ್ನು ಇವನಿಗೆ ಒಪ್ಪಿಸಿ ಹೋಗುತ್ತಾನೆ. ಅರಸನ ಮಗನಿಗೂ ಮುಂದೆ ಈತನೇ ಆಸರೆಯಾಗುತ್ತಾನೆ. ಹೆಸರು ಪರದೇಶದ್ದಾದರೂ ಪದ್ಧತಿ ನಮಗೆ ಹೊಸದಲ್ಲ. ಹಳ್ಳಿಗಳಲ್ಲಿ ಸೂಲಗಿತ್ತಿಯರು ತಮ್ಮ ಸೊಸೆಯನ್ನೋ ಮಗಳನ್ನೋ ಜೊತೆಗೆ ಕರೆದೊಯ್ದು ವಿದ್ಯೆ ಕಲಿಸುತ್ತಿದ್ದರು. ಆಧುನಿಕ ಶುಶ್ರೂಷಾ ಶಿಕ್ಷಣವೂ ಆಸ್ಪತ್ರೆಯ ವಾರ್ಡಿನಲ್ಲಿ, ಹಿರಿಯರ ಕಣ್ಣಳತೆಯಲ್ಲಿ ಕೆಲಸ ಮಾಡುತ್ತಾ ಕಲಿಯುವ ಕ್ರಮದಿಂದಲೇ ಬೆಳೆದುಬಂದಿದೆ. ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನ ತರಬೇತಿ ಶಾಲೆಯು 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭವಾದುದು ಇದೇ ಕ್ರಮದಲ್ಲಿ.

ಆಡಳಿತದಲ್ಲಿ ತರಬೇತಿ, ತಪಾಸಣೆ, ಮಾರ್ಗದರ್ಶನ ಎಂಬ ಮೂರು ಪದಗಳನ್ನು ಒಂದರ ಬದಲು ಇನ್ನೊಂದನ್ನು ಬಳಸುವುದುಂಟು. ಆದರೆ ಇವು ಬೇರೆ ಬೇರೆ. ತರಬೇತಿಯಲ್ಲಿ ಸಿಬ್ಬಂದಿಯು ತನ್ನ ಕೆಲಸದ ಸ್ಥಳವನ್ನು ಬಿಟ್ಟು ಇನ್ನೊಂದೆಡೆಗೆ ಹೋಗುತ್ತಾರೆ. ಅಲ್ಲಿ ಬೊಂಬೆಯ ಮೇಲೆ ಅಭ್ಯಾಸ ಮಾಡಿ ಪ್ರಮಾಣಪತ್ರದೊಂದಿಗೆ ಹಿಂದಿರುಗುತ್ತಾರೆ. ತಪಾಸಣೆಯಲ್ಲಿ ಅಧಿಕಾರಿಯು ಸ್ಥಳಕ್ಕೆ ಬಂದು ಏನಿದೆ, ಏನಿಲ್ಲ ಎಂಬುದನ್ನು ಬರೆದುಕೊಂಡು ಹೋಗುತ್ತಾರೆ. ಮಾರ್ಗದರ್ಶನದಲ್ಲಿ ಬಂದವರು ಬರೆದುಕೊಂಡು ಹೋಗುವ ಬದಲು ಅಲ್ಲಿಯೇ ಉಳಿಯುತ್ತಾರೆ, ಜೊತೆಗೆ ಕೆಲಸ ಮಾಡುತ್ತಾರೆ ಮತ್ತು ಮರಳಿ ಬರುತ್ತಾರೆ.

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಹೆರಿಗೆಯ ಪ್ರಗತಿಯನ್ನು ಗುರುತಿಸುವ ಪಾರ್ಟೋಗ್ರಾಫ್ ಎಂಬ ನಕ್ಷೆಯನ್ನು ನೋವು ನಡೆಯುತ್ತಿರುವಾಗಲೇ ಕಾಲಕಾಲಕ್ಕೆ ತುಂಬಬೇಕು. ಗೆರೆಯು ಎಚ್ಚರಿಕೆಯ ರೇಖೆಯನ್ನು ದಾಟಿದರೆ ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವ ಬಗ್ಗೆ ಆಲೋಚಿಸಬೇಕೆಂಬುದು ಅದರ ಉದ್ದೇಶ. ಕೆಲಸದ ಒತ್ತಡದಲ್ಲಿ ಹಲವು ಕಡೆ ಹೆರಿಗೆಯೆಲ್ಲ ಮುಗಿದ ಬಳಿಕ ಇದನ್ನು ಒಂದೇ ಸಲಕ್ಕೆ ತುಂಬಿಡುವ ರೂಢಿ ಬೆಳೆದಿರುತ್ತದೆ. ತಪಾಸಣೆಗೆ ಬಂದವರಿಗೆ ನಕ್ಷೆ ಪೂರ್ಣವಾಗಿದೆ ಎಂದು ಕಾಣುತ್ತದೆ. ಮಾರ್ಗದರ್ಶಕಿಗೆ ಮಾತ್ರ ಎಲ್ಲ ಚುಕ್ಕಿಗಳೂ ಒಂದೇ ಶಾಯಿಯಲ್ಲಿ, ಒಂದೇ ಕೈಯೋಟದಲ್ಲಿ ಇರುವುದು ಕಣ್ಣಿಗೆ ಬೀಳುತ್ತದೆ. ಲೆಕ್ಕಪತ್ರ ಶಾಖೆಯಲ್ಲಿ ಕೆಲಸ ಮಾಡಿದವರಿಗೆ ಇದು ಪರಿಚಿತ ದೃಶ್ಯ. ಇಡೀ ತಿಂಗಳ ವೋಚರುಗಳನ್ನು ಒಂದೇ ಸಂಜೆ ಕುಳಿತು ಬರೆದರೆ ಹೇಗಿರುತ್ತದೆಂದು ಅವರಿಗೆ ಗೊತ್ತು. ವ್ಯತ್ಯಾಸವೆಂದರೆ ಮಾರ್ಗದರ್ಶಕಿಯು ಅದನ್ನು ಆಕ್ಷೇಪಣೆಯಾಗಿ ದಾಖಲಿಸುವುದಿಲ್ಲ. ಮುಂದಿನ ಹೆರಿಗೆಯಲ್ಲಿ ಪಕ್ಕದಲ್ಲಿ ಕುಳಿತು, ಯಾವ ಹೊತ್ತಿನಲ್ಲಿ ಬಿಡುವು ಸಿಗುತ್ತದೆ, ನಕ್ಷೆಯನ್ನು ಎಲ್ಲಿ ತೂಗುಹಾಕಿದರೆ ಕೈಗೆ ಸಿಗುತ್ತದೆ ಎಂಬುದನ್ನು ಆ ಶುಶ್ರೂಷಕಿಯೊಂದಿಗೆ ಸೇರಿ ಕಂಡುಕೊಳ್ಳುತ್ತಾರೆ.

ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ ಅನುಭವ

ನಮ್ಮ ರಾಜ್ಯದಲ್ಲಿ ಈ ವಿಧಾನವನ್ನು ವ್ಯವಸ್ಥಿತವಾಗಿ ಪರೀಕ್ಷಿಸಿ ನೋಡಿರುವುದು ಉಲ್ಲೇಖಾರ್ಹ. ಏಪ್ರಿಲ್ 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಆರಂಭಗೊಂಡಿತು. ಅದೇ ವರ್ಷ ಜನನಿ ಸುರಕ್ಷಾ ಯೋಜನೆಯೂ ಜಾರಿಗೆ ಬಂದಿತು. ಇವುಗಳ ತರುವಾಯ ಆಸ್ಪತ್ರೆಯಲ್ಲಿ ಹೆರಿಗೆಯಾಗುವವರ ಪ್ರಮಾಣ ಏರುತ್ತಾ ಹೋಯಿತು. ದಿನದ 24 ಗಂಟೆಯೂ ತೆರೆದಿರುವ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತಾಯಂದಿರು ಬರತೊಡಗಿದರು. ಬಂದವರಿಗೆ ದೊರೆಯುವ ಸೇವೆಯ ಗುಣಮಟ್ಟ ಎಂತಹುದು ಎಂಬುದು ಮುಂದಿನ ಪ್ರಶ್ನೆಯಾಯಿತು.

ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ಅಭಿಯಾನಕ್ಕೆ ತಾಂತ್ರಿಕ ಬೆಂಬಲ ನೀಡುತ್ತಿದ್ದ ಸುಕ್ಷೇಮ ಯೋಜನೆಯಡಿ ಬಳ್ಳಾರಿ ಮತ್ತು ಅಂದಿನ ಗುಲ್ಬರ್ಗಾ ಜಿಲ್ಲೆಗಳಲ್ಲಿ ಶುಶ್ರೂಷಕಿಯರೇ ಶುಶ್ರೂಷಕಿಯರಿಗೆ ಮಾರ್ಗದರ್ಶನ ನೀಡುವ ಕ್ರಮವನ್ನು ಕೈಗೊಳ್ಳಲಾಯಿತು. ಆ ಎರಡು ಜಿಲ್ಲೆಗಳಲ್ಲಿ ಕಾರ್ಯನಿರತವಾಗಿದ್ದ 108 ಕೇಂದ್ರಗಳನ್ನು ಯಾದೃಚ್ಛಿಕವಾಗಿ ಎರಡು ಸಮಭಾಗ ಮಾಡಲಾಯಿತು. ಎಲ್ಲ 108 ಕೇಂದ್ರಗಳ ಸಿಬ್ಬಂದಿಗೂ ಆರಂಭದಲ್ಲಿ ಪುನಶ್ಚೇತನ ತರಬೇತಿ ನೀಡಲಾಯಿತು. ಪ್ರತಿ ಹೆರಿಗೆಯ ವಿವರ ದಾಖಲಿಸಲು ವಿಶೇಷವಾಗಿ ರೂಪಿಸಿದ ಕೇಸ್ ಶೀಟನ್ನೂ ಎಲ್ಲರಿಗೂ ಒದಗಿಸಲಾಯಿತು. ಇವುಗಳ ಪೈಕಿ 54 ಕೇಂದ್ರಗಳಿಗೆ ಮಾತ್ರ, ಹೆಚ್ಚುವರಿಯಾಗಿ, ಮಾರ್ಗದರ್ಶಕಿಯು ಆರು ಬಾರಿ ಭೇಟಿ ನೀಡಿದರು. ಏಪ್ರಿಲ್ 2012ರಲ್ಲಿ ಆರಂಭಿಕ ಸಮೀಕ್ಷೆಯನ್ನೂ ಆಗಸ್ಟ್ 2013ರಲ್ಲಿ ಅಂತಿಮ ಸಮೀಕ್ಷೆಯನ್ನೂ ನಡೆಸಲಾಯಿತು.

ಈ ವಿನ್ಯಾಸವನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ತರಬೇತಿ ಎರಡೂ ಗುಂಪಿಗೆ ಸಮಾನ, ನಮೂನೆಯೂ ಸಮಾನ. ಆದ್ದರಿಂದ ಕೊನೆಯಲ್ಲಿ ಕಂಡ ವ್ಯತ್ಯಾಸವನ್ನು ಮಾರ್ಗದರ್ಶಕಿಯ ಭೇಟಿಯ ಖಾತೆಗೇ ಜಮಾ ಮಾಡಬೇಕಾಗುತ್ತದೆ.

ಮಾಸು ಹೊರಬರುವ ಹಂತವನ್ನು ಸಕ್ರಿಯವಾಗಿ ನಿರ್ವಹಿಸುವ ಕ್ರಮವು, ಅಂದರೆ ಕೂಸು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ನೀಡುವುದು ಮೊದಲಾದ ಕ್ರಮಗಳು, ರಕ್ತಸ್ರಾವವನ್ನು ತಡೆಯುವ ಮುಖ್ಯ ಉಪಾಯವಾಗಿರುತ್ತದೆ. ಮಾರ್ಗದರ್ಶನ ದೊರೆತ ಕೇಂದ್ರಗಳ ಶುಶ್ರೂಷಕಿಯರಲ್ಲಿ ಶೇ. 82.4ರಷ್ಟು ಮಂದಿಗೆ ಇದರ ಸರಿಯಾದ ತಿಳುವಳಿಕೆ ಇದ್ದಿತು. ಉಳಿದ ಕೇಂದ್ರಗಳಲ್ಲಿ ಈ ಪ್ರಮಾಣ ಶೇ. 35.8 ಮಾತ್ರ. ಬಾಣಂತಿಗೆ ತಗಲುವ ನಂಜನ್ನು ನಿಭಾಯಿಸುವ ಬಗ್ಗೆ ಶೇ. 73.5 ಮತ್ತು ಶೇ. 10.9. ಉಸಿರಾಡದ ನವಜಾತ ಶಿಶುವಿನ ಪುನಶ್ಚೇತನದ ಬಗ್ಗೆ ಶೇ. 48.5 ಮತ್ತು ಶೇ. 11.7. ರಕ್ತಸ್ರಾವವನ್ನು ಎದುರಿಸಲು ಬೇಕಾದ ಎಲ್ಲ ಔಷಧಿ ಹಾಗೂ ಸಲಕರಣೆಗಳು ಮಾರ್ಗದರ್ಶನ ಪಡೆದ ಕೇಂದ್ರಗಳ ಪೈಕಿ 29ರಲ್ಲಿ ಲಭ್ಯವಿದ್ದರೆ ಉಳಿದವುಗಳ ಪೈಕಿ 12ರಲ್ಲಿ ಮಾತ್ರ ಲಭ್ಯವಿದ್ದವು.

ಅಂಕಿಅಂಶಗಳ ಇನ್ನೊಂದು ಮುಖವನ್ನೂ ಮರೆಮಾಚಬಾರದು. ಆರು ಭೇಟಿಗಳ ನಂತರವೂ ನವಜಾತ ಶಿಶುವಿನ ಪುನಶ್ಚೇತನದ ತಿಳುವಳಿಕೆ ಅರ್ಧದಷ್ಟು ಸಿಬ್ಬಂದಿಯನ್ನು ತಲುಪಿರಲಿಲ್ಲ. 54 ಕೇಂದ್ರಗಳಲ್ಲಿ 25ರಲ್ಲಿ ರಕ್ತಸ್ರಾವದ ಸಾಮಗ್ರಿ ಪೂರ್ಣವಾಗಿರಲಿಲ್ಲ. ಅಲ್ಲದೆ ಈ ಅಧ್ಯಯನವು ಅಳೆದದ್ದು ತಿಳುವಳಿಕೆಯನ್ನು, ಸಿದ್ಧತೆಯನ್ನು. ಉಳಿದ ಜೀವಗಳ ಸಂಖ್ಯೆಯನ್ನಲ್ಲ.

ಔಷಧಿಯ ದಾಸ್ತಾನು ಮಾರ್ಗದರ್ಶಕಿಯ ಭೇಟಿಯಿಂದ ಹೇಗೆ ಸುಧಾರಿಸುತ್ತದೆ ಎಂದು ಕೆಲವರಿಗೆ ಸಂದೇಹ ಬರಬಹುದು. ಔಷಧಿ ಬರುವುದು ಉಗ್ರಾಣದಿಂದ, ಮಾರ್ಗದರ್ಶಕಿಯ ಕೈಚೀಲದಿಂದಲ್ಲ ಎಂಬುದು ಸತ್ಯ. ಆದರೆ ಹೆರಿಗೆ ಕೊಠಡಿಯ ಕೊರತೆಯಲ್ಲಿ ಒಂದು ಪಾಲು ಉಗ್ರಾಣದ್ದಲ್ಲ. ಔಷಧಿಯು ಅದೇ ಕಟ್ಟಡದ ಔಷಧಾಲಯದಲ್ಲಿ ಬೀಗದೊಳಗೆ ಇರುತ್ತದೆ, ಬೀಗದ ಕೈ ರಾತ್ರಿ ಮನೆಗೆ ಹೋಗಿರುತ್ತದೆ. ಆಕ್ಸಿಟೋಸಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಇಡಬೇಕಾಗಿದ್ದು, ಅದು ಬಿಸಿಲು ಬೀಳುವ ಕಿಟಕಿಯ ಪಕ್ಕದ ತಟ್ಟೆಯಲ್ಲಿ ಇರುತ್ತದೆ. ಆಂಬು ಬ್ಯಾಗ್ ಇರುತ್ತದೆ, ಕೂಸಿನ ಮುಖಕ್ಕೆ ಹೊಂದುವ ಅಳತೆಯ ಮಾಸ್ಕ್ ಇರುವುದಿಲ್ಲ. ಇಂತಹುದನ್ನು ಇಂಡೆಂಟ್ ಪುಸ್ತಕ ತೋರಿಸುವುದಿಲ್ಲ. ಕೊಠಡಿಯಲ್ಲಿ ನಿಂತು, ಈಗ ರಕ್ತಸ್ರಾವ ಆರಂಭವಾಯಿತೆಂದು ಭಾವಿಸಿ ಒಂದೊಂದೇ ವಸ್ತುವನ್ನು ಕೈಗೆತ್ತಿಕೊಳ್ಳುವ ಅಭ್ಯಾಸ ಮಾಡಿದಾಗ ಮಾತ್ರ ಗೊತ್ತಾಗುತ್ತದೆ. ಮಾರ್ಗದರ್ಶಕಿಯು ಶುಶ್ರೂಷಕಿಯೊಬ್ಬರನ್ನೇ ಅಲ್ಲ, ವೈದ್ಯಾಧಿಕಾರಿ, ಔಷಧಾಧಿಕಾರಿ, ಆಯಾ ಇವರನ್ನೂ ಕೂಡಿಸಿಕೊಂಡು ಕೇಂದ್ರದ ಸ್ಥಿತಿಯನ್ನು ಅವರಿಂದಲೇ ಪರಿಶೀಲನೆ ಮಾಡಿಸಿದ್ದು ಇಲ್ಲಿ ಉಪಯೋಗಕ್ಕೆ ಬಂದಿತು. ಬೀಗದ ಕೈಯ ಪ್ರಶ್ನೆ ಒಬ್ಬ ಕಿರಿಯ ಶುಶ್ರೂಷಕಿಯಿಂದ ಇತ್ಯರ್ಥವಾಗುವಂಥದ್ದಲ್ಲ.

ಮಾತಿನ ಧಾಟಿಯೂ ಇಲ್ಲಿ ಕೆಲಸ ಮಾಡುತ್ತದೆ. "ಸಿಸ್ಟರ್, ಆಕ್ಸಿಟೋಸಿನ್ ಫ್ರಿಜ್‌ನಲ್ಲಿ ಏಕೆ ಇಟ್ಟಿಲ್ಲ?" ಎಂದರೆ ಅದಕ್ಕೆ ಸಮಜಾಯಿಷಿ ಬರುತ್ತದೆ. "ರಾತ್ರಿ ಒಬ್ಬರೇ ಇದ್ದಾಗ ಫ್ರಿಜ್ ತನಕ ಹೋಗಿ ಬರೋದಕ್ಕೆ ಆಗುತ್ತಾ ಸಿಸ್ಟರ್?" ಎಂದರೆ ನಿಜಸ್ಥಿತಿ ಹೊರಬರುತ್ತದೆ. ಎರಡನೆಯ ಪ್ರಶ್ನೆಯನ್ನು ಕೇಳಬಲ್ಲವರು ತಾವೂ ರಾತ್ರಿ ಪಾಳಿ ಮಾಡಿದವರೇ ಆಗಿರುತ್ತಾರೆ.

ಉತ್ತರ ಪ್ರದೇಶದ ಅಧ್ಯಯನ

ವಿಶ್ವ ಆರೋಗ್ಯ ಸಂಸ್ಥೆಯು ಸುರಕ್ಷಿತ ಹೆರಿಗೆಗಾಗಿ ಒಂದು ತಪಶೀಲು ಪಟ್ಟಿಯನ್ನು ರೂಪಿಸಿದೆ. ತಾಯಿ ದಾಖಲಾದಾಗ, ಕೂಸು ಹೊರಬರುವ ಮುನ್ನ, ಹೆರಿಗೆಯಾದ ಕೂಡಲೇ ಮತ್ತು ಮನೆಗೆ ಕಳುಹಿಸುವ ಮುನ್ನ, ಹೀಗೆ ನಾಲ್ಕು ಘಟ್ಟಗಳಲ್ಲಿ ಸಿಬ್ಬಂದಿಯು ಕ್ಷಣಕಾಲ ನಿಂತು ಅದನ್ನು ನೋಡಿಕೊಳ್ಳಬೇಕು. ಇದರ ಪ್ರಾಯೋಗಿಕ ಬಳಕೆಯು ಮೊದಲಿಗೆ 2010ರಲ್ಲಿ ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ ನಡೆದು ಉತ್ತಮ ಫಲಿತಾಂಶ ಕಂಡುಬಂದಿತ್ತು. ಮುಂದೆ ಉತ್ತರ ಪ್ರದೇಶದ 24 ಜಿಲ್ಲೆಗಳ 120 ಕೇಂದ್ರಗಳಲ್ಲಿ ಬೆಟರ್‌ಬರ್ತ್ ಹೆಸರಿನ ವಿಸ್ತೃತ ಅಧ್ಯಯನವನ್ನು ಹಮ್ಮಿಕೊಳ್ಳಲಾಯಿತು. ಅರ್ಧದಷ್ಟು ಕೇಂದ್ರಗಳಲ್ಲಿ ಪಟ್ಟಿಯ ಜೊತೆಗೆ, ಅದನ್ನು ಬಳಸಲು ಕಲಿಸುವ ಮಾರ್ಗದರ್ಶಕರನ್ನು ಎಂಟು ತಿಂಗಳ ಕಾಲ ಕಳುಹಿಸಲಾಯಿತು. ಭೇಟಿಗಳು ಮೊದಮೊದಲು ಒತ್ತೊತ್ತಾಗಿದ್ದು ಬರಬರುತ್ತಾ ವಿರಳವಾದವು. ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಒಳಗೊಂಡ ಈ ಅಧ್ಯಯನದ ಫಲಿತಾಂಶ ಡಿಸೆಂಬರ್ 2017ರಲ್ಲಿ ಪ್ರಕಟವಾಯಿತು.

ಮಾರ್ಗದರ್ಶನ ಆರಂಭವಾಗಿ ಎರಡು ತಿಂಗಳಾದಾಗ ಸಿಬ್ಬಂದಿಯು ಅಗತ್ಯ ಕ್ರಮಗಳ ಪೈಕಿ ಶೇ. 73ರಷ್ಟನ್ನು ಪಾಲಿಸುತ್ತಿದ್ದರು, ಮಾರ್ಗದರ್ಶನವಿಲ್ಲದ ಕಡೆ ಶೇ. 42. ಹನ್ನೆರಡು ತಿಂಗಳಾದಾಗ, ಅಂದರೆ ಮಾರ್ಗದರ್ಶಕರು ಬರುವುದು ನಿಂತು ನಾಲ್ಕು ತಿಂಗಳು ಕಳೆದಾಗ, ಇದು ಶೇ. 62ಕ್ಕೆ ಇಳಿದಿತ್ತು, ಇತರ ಕೇಂದ್ರಗಳಲ್ಲಿ ಶೇ. 44. ಹೆರಿಗೆಯ ಆಸುಪಾಸಿನ ಶಿಶುಮರಣ, ತಾಯಿಯ ಮರಣ ಅಥವಾ ತಾಯಿಗೆ ಒದಗಿದ ತೀವ್ರ ತೊಂದರೆ ಇವುಗಳನ್ನು ಒಟ್ಟಾಗಿ ಎಣಿಸಿದಾಗ ಒಂದು ಗುಂಪಿನಲ್ಲಿ ಶೇ. 15.1, ಇನ್ನೊಂದರಲ್ಲಿ ಶೇ. 15.3. ವ್ಯತ್ಯಾಸವಿಲ್ಲವೆಂದೇ ಹೇಳಬೇಕು.

ಇದರಿಂದ ಮಾರ್ಗದರ್ಶನ ನಿಷ್ಪ್ರಯೋಜಕವೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ನಡವಳಿಕೆ ಬದಲಾದದ್ದು ನಿಜ. ಆದರೆ ರಕ್ತದ ಲಭ್ಯತೆ, ಸಕಾಲದಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸುವ ವ್ಯವಸ್ಥೆ, ಅಲ್ಲಿ ಶಸ್ತ್ರಚಿಕಿತ್ಸೆ ಮಾಡಬಲ್ಲ ತಜ್ಞರು, ಚಿಕ್ಕ ಕೂಸಿಗೆ ವಿಶೇಷ ಆರೈಕೆ ಇವನ್ನು ಪಕ್ಕದಲ್ಲಿ ನಿಂತ ಮಾರ್ಗದರ್ಶಕರು ಸೃಷ್ಟಿಸಲಾರರು. ಆಡಳಿತದ ಕಡತಗಳಲ್ಲಿ ಯಾವುದಾದರೊಂದು ವಿಧಾನಕ್ಕೆ ಹೆಸರು ಬಂದೊಡನೆ ಉಳಿದ ಅನುದಾನವನ್ನೆಲ್ಲ ಅದರಿಂದಲೇ ಉಳಿತಾಯ ಮಾಡಬಹುದೆಂಬ ಟಿಪ್ಪಣಿ ಏಳುವುದುಂಟು. ಅಂತಹ ಟಿಪ್ಪಣಿಗೆ ಈ ಅಧ್ಯಯನವೇ ಉತ್ತರ.

ಎರಡನೆಯದಾಗಿ, ಶೇ. 73 ಇದ್ದದ್ದು ಶೇ. 62ಕ್ಕೆ ಇಳಿದದ್ದನ್ನು ಗಮನಿಸಬೇಕು. ಹೊರಗಿನಿಂದ ಬರುವ ಮಾರ್ಗದರ್ಶಕರು ಒಂದಲ್ಲ ಒಂದು ದಿನ ಬರುವುದನ್ನು ನಿಲ್ಲಿಸುತ್ತಾರೆ. ಯೋಜನೆಗೆ ಅವಧಿ ಇರುತ್ತದೆ, ಹೆರಿಗೆಗಳಿಗೆ ಇರುವುದಿಲ್ಲ. ಆದುದರಿಂದ ಕೇಂದ್ರದೊಳಗಿನ ಒಬ್ಬ ಹಿರಿಯ ಶುಶ್ರೂಷಕಿಯನ್ನೇ ಕ್ರಮೇಣ ಆ ಸ್ಥಾನಕ್ಕೆ ಸಿದ್ಧಪಡಿಸುವುದು ಅವಶ್ಯ. ವರ್ಗಾವಣೆಯ ಕಾಲದಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲವೆಂಬುದು ಇನ್ನೊಂದು ಮಾತು. ಹುದ್ದೆ ಭರ್ತಿಯಾದರೆ ಸಾಕು, ಹೋದವರೊಂದಿಗೆ ಏನು ಹೋಯಿತೆಂಬುದಕ್ಕೆ ಯಾವ ವಹಿಯಲ್ಲೂ ಕಲಂ ಇಲ್ಲ.

ಮಾರ್ಗದರ್ಶಕರ ಆಯ್ಕೆ

ಅಮೆರಿಕದ ಶುಶ್ರೂಷಾ ಶಿಕ್ಷಣ ತಜ್ಞೆ ಪ್ಯಾಟ್ರೀಷಿಯಾ ಬೆನ್ನರ್ ಅವರು 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಶುಶ್ರೂಷಕಿಯರ ನೈಪುಣ್ಯವು ಐದು ಹಂತಗಳಲ್ಲಿ ಬೆಳೆಯುತ್ತದೆಂದು ವಿವರಿಸಿದ್ದಾರೆ. ಹೊಸಬರು ನಿಯಮವನ್ನು ಹಿಡಿದು ನಡೆಯುತ್ತಾರೆ. ಐದನೆಯ ಹಂತಕ್ಕೆ ತಲುಪಿದವರು ರೋಗಿಯನ್ನು ನೋಡಿದೊಡನೆ ಏನೋ ಸರಿಯಿಲ್ಲವೆಂದು ಗ್ರಹಿಸುತ್ತಾರೆ. ಯಾವ ನಿಯಮದಿಂದ ಗ್ರಹಿಸಿದಿರಿ ಎಂದು ಕೇಳಿದರೆ ಹೇಳಲು ಅವರಿಗೇ ಕಷ್ಟ. ಇದರ ಫಲಿತಾರ್ಥವೆಂದರೆ, ಸೇವಾ ಜ್ಯೇಷ್ಠತೆಯ ಪಟ್ಟಿಯಲ್ಲಿ ಮೊದಲಿರುವವರೇ ಹೊಸಬರಿಗೆ ಯೋಗ್ಯ ಮಾರ್ಗದರ್ಶಕರಾಗುತ್ತಾರೆಂದು ಹೇಳಲಾಗದು. ಐದಾರು ವರ್ಷ ಮುಂದಿರುವವರು, ತಾವು ಎಡವಿದ ಜಾಗ ಇನ್ನೂ ನೆನಪಿರುವವರು, ಎಷ್ಟೋ ಸಲ ಉತ್ತಮವಾಗಿ ಕಲಿಸುತ್ತಾರೆ.

ರಕ್ತಸ್ರಾವದ ಅಂದಾಜು ಇದಕ್ಕೆ ಒಳ್ಳೆಯ ನಿದರ್ಶನ. ಕಣ್ಣಳತೆಯಲ್ಲಿ ನೋಡಿದಾಗ ಹೆಚ್ಚು ಪ್ರಮಾಣದ ರಕ್ತಸ್ರಾವವನ್ನು ಕಡಿಮೆಯೆಂದು ಎಣಿಸುವುದು ಹೊಸಬರಲ್ಲೂ ಅನುಭವಿಗಳಲ್ಲೂ ಕಂಡುಬರುವ ದೋಷ. 500 ಮಿಲಿಲೀಟರ್ ಮೀರಿದರೆ ಅದು ಪ್ರಸವಾನಂತರದ ರಕ್ತಸ್ರಾವವೆಂದು ಪರಿಗಣಿತವಾಗುತ್ತದೆ. ಅಳತೆಯ ಗುರುತುಗಳಿರುವ ಪ್ಲಾಸ್ಟಿಕ್ ಚೀಲವನ್ನು ತಾಯಿಯ ಕೆಳಗೆ ಹಾಸಿ ರಕ್ತವನ್ನು ಸಂಗ್ರಹಿಸಿ ಅಳೆಯುವ ಕ್ರಮವನ್ನು ಬೆಳಗಾವಿ ಜಿಲ್ಲೆಯಲ್ಲಿ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಳಸಲಾಗಿತ್ತು. ಅಂತಹ ಸಾಧನವಿಲ್ಲದ ಕಡೆ, ಬಣ್ಣ ಬೆರೆಸಿದ ಅರ್ಧ ಲೀಟರ್ ನೀರನ್ನು ಹಾಸುಬಟ್ಟೆಯ ಮೇಲೆ ಚೆಲ್ಲಿ ತೋರಿಸಿದರೆ ಹೊಸ ಶುಶ್ರೂಷಕಿಗೆ ಆ ಪ್ರಮಾಣ ಎಷ್ಟೆಂಬುದು ಜೀವಮಾನವಿಡೀ ಮರೆಯುವುದಿಲ್ಲ. ಇದಕ್ಕೆ ಅನುದಾನವಾಗಲಿ ಆದೇಶವಾಗಲಿ ಬೇಕಿಲ್ಲ.

ತಪ್ಪನ್ನು ಹೇಳಿಕೊಳ್ಳುವ ಅವಕಾಶ

ಈ ಸಂಬಂಧದ ಜೀವಾಳ ಇರುವುದು ಇಲ್ಲಿ. ಹಿಂದಿನ ರಾತ್ರಿ ತಾನು ಮಾಡಿದ ತಪ್ಪನ್ನು ಕಿರಿಯರು ಯಾರಿಗೆ ಹೇಳುತ್ತಾರೆ? ಚುಚ್ಚುಮದ್ದು ತಡವಾಯಿತು, ಮಾಸು ಪೂರ್ತಿ ಬಂದಿದೆಯೇ ಎಂದು ನೋಡಲಿಲ್ಲ, ರಕ್ತದೊತ್ತಡ ಅಳೆಯದೆಯೇ ಅಂಕಿ ಬರೆದೆ ಎಂಬಂತಹ ಮಾತುಗಳು ಕಾರಣ ಕೇಳುವ ನೋಟೀಸಿಗೆ ಉತ್ತರವಾಗಿ ಎಂದೂ ಬರುವುದಿಲ್ಲ. ಹೇಳಿದರೆ ವೇತನ ಬಡ್ತಿಗೆ, ಗುತ್ತಿಗೆಯ ನವೀಕರಣಕ್ಕೆ ತೊಂದರೆಯಾದೀತೆಂಬ ಭಯವಿರುವಾಗ ಯಾರೂ ಹೇಳುವುದಿಲ್ಲ. ಹೇಳದ ತಪ್ಪು ಮುಂದಿನ ತಾಯಿಗೆ ಕಾದಿರುತ್ತದೆ.

ಆದ್ದರಿಂದ ಮಾರ್ಗದರ್ಶಕರು ಮೌಲ್ಯಮಾಪಕರೂ ಆಗಿರಬೇಕೇ ಎಂಬ ಪ್ರಶ್ನೆ ಏಳುತ್ತದೆ. ಬ್ರಿಟನ್ನಿನಲ್ಲಿ ಈ ಬಗ್ಗೆ ದೀರ್ಘ ಚರ್ಚೆ ನಡೆದಿದೆ. ಅಲ್ಲಿ ಹಿಂದೆ ಶುಶ್ರೂಷಾ ವಿದ್ಯಾರ್ಥಿಗೆ ಕಲಿಸುವವರೂ, ಆ ವಿದ್ಯಾರ್ಥಿ ಯೋಗ್ಯರೆಂದು ಸಹಿ ಹಾಕುವವರೂ ಒಬ್ಬರೇ ಮೆಂಟರ್ ಆಗಿದ್ದರು. ಹೀಗಿರುವಾಗ ಅನುತ್ತೀರ್ಣರಾಗಬೇಕಾದವರನ್ನೂ ಸಂಕೋಚದಿಂದ ಉತ್ತೀರ್ಣಗೊಳಿಸುವುದು ನಡೆಯುತ್ತಿದೆಯೆಂದು ಸ್ಕಾಟ್ಲೆಂಡಿನ ಕ್ಯಾಥ್ಲೀನ್ ಡಫಿ ಅವರ 2003ರ ಅಧ್ಯಯನ ಎತ್ತಿ ತೋರಿಸಿತು. ಅಲ್ಲಿನ ಶುಶ್ರೂಷೆ ಮತ್ತು ಪ್ರಸೂತಿ ಪರಿಷತ್ತು 2018ರಲ್ಲಿ ಹೊರಡಿಸಿದ ಮಾನದಂಡಗಳಲ್ಲಿ ಈ ಎರಡು ಕೆಲಸಗಳನ್ನು ಬೇರ್ಪಡಿಸಿ, ದಿನನಿತ್ಯ ಕಲಿಸುವವರು ಒಬ್ಬರು, ಅಳೆದು ತೀರ್ಪು ನೀಡುವವರು ಇನ್ನೊಬ್ಬರು ಎಂದು ಗೊತ್ತುಪಡಿಸಲಾಯಿತು. ವಾಣಿಜ್ಯ ಓದಿದವರಿಗೆ ಇದು ಹಳೆಯ ಪಾಠ. ಲೆಕ್ಕ ಬರೆಯಲು ಕಲಿಸಿದವರೇ ಅದರ ಲೆಕ್ಕಪರಿಶೋಧನೆಯನ್ನೂ ಮಾಡಬಾರದು.

ನಮ್ಮಲ್ಲಿ ಜಿಲ್ಲಾ ಮಟ್ಟದಲ್ಲಿ ನಡೆಯುವ ತಾಯಿ ಮರಣದ ಪರಿಶೀಲನೆಗೂ ಇದೇ ತತ್ವ ಆಧಾರ. ಕೇಂದ್ರ ಸರ್ಕಾರದ 2010ರ ಮಾರ್ಗಸೂಚಿ ಹಾಗೂ 2017ರ ಪರಿಷ್ಕೃತ ಮಾರ್ಗಸೂಚಿಗಳು, ಪರಿಶೀಲನೆಯ ಉದ್ದೇಶ ಕಾರಣವನ್ನು ಕಂಡುಹಿಡಿಯುವುದೇ ಹೊರತು ವ್ಯಕ್ತಿಯನ್ನು ದೂಷಿಸುವುದಲ್ಲವೆಂಬ ನೆಲೆಯಲ್ಲಿ ರಚಿತವಾಗಿವೆ. ಕಾಗದದ ಮೇಲಿನ ಈ ತತ್ವವು ಸಭೆಯ ಕೊಠಡಿಯಲ್ಲಿ ಉಳಿಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅಧ್ಯಕ್ಷತೆ ವಹಿಸಿದವರ ಮೊದಲ ಪ್ರಶ್ನೆಯನ್ನು ಅವಲಂಬಿಸಿರುತ್ತದೆ.

ಮಾರ್ಗದರ್ಶಕರು ಕೇಳಿದ್ದನ್ನೆಲ್ಲ ಗುಟ್ಟಾಗಿಡಬೇಕೆಂದು ಇದರ ಅರ್ಥವಲ್ಲ. ರೋಗಿಗೆ ಕಣ್ಣೆದುರೇ ಅಪಾಯವಿದ್ದರೆ ತಡೆಯುವುದು, ಉದ್ದೇಶಪೂರ್ವಕ ನಿರ್ಲಕ್ಷ್ಯ ಅಥವಾ ಹಣದ ಬೇಡಿಕೆ ಕಂಡುಬಂದರೆ ವರದಿ ಮಾಡುವುದು ಅವರ ಕರ್ತವ್ಯವೇ ಆಗಿದೆ. ಈ ಗಡಿ ಯಾವುದೆಂಬುದನ್ನು ಮೊದಲ ಭೇಟಿಯಲ್ಲೇ ಕಿರಿಯರಿಗೆ ಬಾಯಿಬಿಟ್ಟು ತಿಳಿಸಿರಬೇಕು. ತರುವಾಯ ತಿಳಿಸಿದರೆ ಅದು ನಂಬಿಕೆದ್ರೋಹವಾಗಿ ಕಾಣುತ್ತದೆ.

ಆಶಾ ಕಾರ್ಯಕರ್ತೆಯರು ಮತ್ತು ಇತರರು

ಸಾವಿರ ಜನಸಂಖ್ಯೆಗೆ ಒಬ್ಬರಂತೆ ಆಯ್ಕೆಯಾಗುವ ಆಶಾ ಕಾರ್ಯಕರ್ತೆಯರಿಗೆ, ಸುಮಾರು ಇಪ್ಪತ್ತು ಮಂದಿಗೆ ಒಬ್ಬರಂತೆ ಸುಗಮಕಾರರನ್ನು ನೇಮಿಸಿಕೊಳ್ಳುವ ಪದ್ಧತಿ ರಾಷ್ಟ್ರೀಯ ಮಾರ್ಗಸೂಚಿಯಲ್ಲಿದೆ. ಸುಗಮಕಾರರು ಎಷ್ಟೋ ಕಡೆ ತಾವೇ ಆಶಾ ಆಗಿ ಕೆಲಸ ಮಾಡಿದವರು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ ಆಶಾ ಆರು ಬಾರಿ, 3, 7, 14, 21, 28 ಮತ್ತು 42ನೆಯ ದಿನಗಳಂದು ಭೇಟಿ ನೀಡಬೇಕು. ತೂಕದ ತಕ್ಕಡಿಯನ್ನು ಸೊನ್ನೆಗೆ ತಂದು ನಿಲ್ಲಿಸುವುದು, ಕೂಸಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸುವುದು, ಎದೆಹಾಲು ಕುಡಿಯುವ ಭಂಗಿಯನ್ನು ಸರಿಪಡಿಸುವುದು ಇವೆಲ್ಲ ಸಭೆಯಲ್ಲಿ ಹೇಳಿದರೆ ಬರುವ ವಿದ್ಯೆಗಳಲ್ಲ. ಜೊತೆಗೆ ನಡೆದುಹೋಗಿ, ಅಜ್ಜಿಯ ಆಕ್ಷೇಪಣೆಗೆ ಏನು ಉತ್ತರ ಕೊಡಬೇಕೆಂಬುದನ್ನೂ ಆ ಮನೆಯ ಪಡಸಾಲೆಯಲ್ಲೇ ಕೇಳಿಸಿಕೊಂಡು ಕಲಿಯಬೇಕಾಗುತ್ತದೆ. ಸುಗಮಕಾರರ ಸಮಯವೆಲ್ಲ ವರದಿಗಳನ್ನು ಒಟ್ಟುಗೂಡಿಸುವುದರಲ್ಲೇ ಕಳೆದುಹೋದರೆ ಈ ಭಾಗ ತಪ್ಪಿಹೋಗುತ್ತದೆ.

ದೂರದಿಂದ ನೀಡುವ ಮಾರ್ಗದರ್ಶನವೂ ಬೆಳೆದಿದೆ. ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ಡಾ. ಸಂಜೀವ್ ಅರೋರಾ ಅವರು 2003ರಲ್ಲಿ ಆರಂಭಿಸಿದ ಎಕೋ ಪದ್ಧತಿಯಲ್ಲಿ ದೂರದ ಊರುಗಳ ವೈದ್ಯರು ವೀಡಿಯೋ ಮೂಲಕ ತಮ್ಮ ರೋಗಿಗಳ ವಿವರಗಳನ್ನು ತಜ್ಞರ ಮುಂದಿಟ್ಟು ಚರ್ಚಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಯಲ್ಲಿ ಇದೇ ಪದ್ಧತಿಯನ್ನು ಬಳಸಿದೆ. ಚರ್ಚೆ, ಔಷಧಿಯ ಆಯ್ಕೆ, ಸಲಹೆ ನೀಡುವ ಕ್ರಮ ಇವುಗಳಿಗೆ ಇದು ಹೊಂದಿಕೊಳ್ಳುತ್ತದೆ. ಕೈಕೆಲಸ ಕಲಿಸಲು ಪರದೆ ಸಾಲದು. ಇನ್ನು, 2018ರ ರಾಷ್ಟ್ರೀಯ ಮಾರ್ಗಸೂಚಿಯನ್ವಯ 18 ತಿಂಗಳ ತರಬೇತಿ ಪಡೆದು ಬರುವ ಪ್ರಸೂತಿ ಶುಶ್ರೂಷಾ ತಜ್ಞೆಯರು ಮುಂದಿನ ವರ್ಷಗಳಲ್ಲಿ ಹೆರಿಗೆ ಕೊಠಡಿಗಳ ಮಾರ್ಗದರ್ಶಕಿಯರಾಗಲು ಸಹಜವಾಗಿಯೇ ಅರ್ಹರಾಗಿರುತ್ತಾರೆ.

ಸಾರ್ವಜನಿಕರ ತಿಳುವಳಿಕೆಗೆ

ಹೆರಿಗೆ ಕೊಠಡಿಯಲ್ಲಿ ಒಬ್ಬ ಶುಶ್ರೂಷಕಿಗೆ ಇನ್ನೊಬ್ಬರು ಮೆಲ್ಲನೆ ಸೂಚನೆ ನೀಡುತ್ತಿರುವುದನ್ನು ಕಂಡರೆ, ಸಿಬ್ಬಂದಿಗೆ ಕೆಲಸ ಬರುವುದಿಲ್ಲವೆಂದು ಸಂಬಂಧಿಕರು ಗಾಬರಿಪಡಬೇಕಾಗಿಲ್ಲ. ಒಬ್ಬರ ಜಾಗದಲ್ಲಿ ಇಬ್ಬರ ಕಣ್ಣು ತಾಯಿಯ ಮೇಲಿದೆಯೆಂದು ತಿಳಿಯಬಹುದು. ಹೆಚ್ಚುವರಿಯಾಗಿ ಬಂದವರು ಯಾರೆಂದು ಕೇಳುವ ಹಕ್ಕು ತಾಯಿಗೆ ಇದೆ. ಅವರು ತಮ್ಮ ಹೆಸರು ಮತ್ತು ಉದ್ದೇಶವನ್ನು ತಿಳಿಸಿ, ಒಪ್ಪಿಗೆ ಪಡೆದು ಒಳಗೆ ನಿಲ್ಲತಕ್ಕದ್ದು. ಮಾಡಿ ತೋರಿಸುವ ನೆಪದಲ್ಲಿ ಅನಾವಶ್ಯಕವಾಗಿ ಮತ್ತೆ ಮತ್ತೆ ಒಳಪರೀಕ್ಷೆ ಮಾಡುವುದಕ್ಕೆ ಅವಕಾಶವಿರುವುದಿಲ್ಲ.

ಆರೋಗ್ಯ ರಕ್ಷಾ ಸಮಿತಿಯ ಸದಸ್ಯರಾಗಿರುವ ಗ್ರಾಮಸ್ಥರು ಸಭೆಯಲ್ಲಿ ಕಟ್ಟಡದ ಬಣ್ಣ, ಕುರ್ಚಿ, ಫ್ಯಾನುಗಳ ವಿಷಯದ ಜೊತೆಗೆ, ರಾತ್ರಿ ವೇಳೆ ತುರ್ತು ಔಷಧಿಯ ಬೀಗದ ಕೈ ಯಾರ ಬಳಿ ಇರುತ್ತದೆ, ಹೊಸದಾಗಿ ಬಂದ ಶುಶ್ರೂಷಕಿಗೆ ಮೊದಲ ಕೆಲವು ವಾರ ಜೊತೆಗಾರರನ್ನು ನೀಡಲಾಗಿದೆಯೇ ಎಂಬುದನ್ನೂ ವಿಚಾರಿಸಬಹುದಾಗಿದೆ.

ಕೆಲಸದ ಒತ್ತಡದಿಂದ ಅಥವಾ ಆರೈಕೆಯಲ್ಲಿದ್ದವರ ಸಾವಿನಿಂದ ಮನನೊಂದಿರುವ ಆರೋಗ್ಯ ಸಿಬ್ಬಂದಿಯು, ಸಾರ್ವಜನಿಕರಂತೆಯೇ, ಟೆಲಿ ಮಾನಸ್ ಸಹಾಯವಾಣಿ ಸಂಖ್ಯೆ 14416ಕ್ಕೆ ಯಾವುದೇ ವೇಳೆಯಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದಾಗಿದೆ.